ಗೇಟ್ ಪರೀಕ್ಷೆಯ ದಿನ: ಜೇಬಲ್ಲಿ ಏನಿರಬೇಕು, ಎದುರಿಗೆ ಏನಿರುತ್ತೆ

ಫೈನಲ್ ಇಯರ್‌ನವರ ರೂಮುಗಳಲ್ಲಿ ಡಿಸೆಂಬರ್ ಬಂತೆಂದರೆ ಗೇಟ್‌ನದ್ದೇ ಮಾತು. ಯಾವ ಸಬ್ಜೆಕ್ಟ್ ಬಿಡಬಹುದು, ಯಾರ ಟೆಸ್ಟ್ ಸೀರೀಸ್ ಒಳ್ಳೇದು, ಕಳೆದ ಸಲ ಕಟಾಫ್ ಎಷ್ಟಿತ್ತು ಅಂತ ರಾತ್ರಿ ಎರಡರವರೆಗೂ ಚರ್ಚೆ ನಡೆಯುತ್ತೆ. ಆ ವಿಷಯದಲ್ಲಿ ಬುದ್ಧಿ ಹೇಳುವವರು ಬೇಕಾದಷ್ಟು ಜನ ಇದ್ದಾರೆ, ನಾನು ಕೈ ಹಾಕಲ್ಲ. ಯಾರೂ ಅಷ್ಟಾಗಿ ಮಾತಾಡದ ಇನ್ನೊಂದು ವಿಷಯ ಇದೆ: ಆ ಮೂರು ಗಂಟೆ. ನಮ್ಮ ಸೀನಿಯರ್‌ಗಳಲ್ಲಿ, ನಮ್ಮ ಬ್ಯಾಚಿನಲ್ಲಿ, ಉತ್ತರ ಗೊತ್ತಿದ್ದೂ ಅಂಕ ಕಳ್ಕೊಂಡವರನ್ನ ನೋಡಿದ್ದೀನಿ. ಅವರು ಸೋತದ್ದು ಥರ್ಮೋಡೈನಾಮಿಕ್ಸ್‌ಗೂ ಅಲ್ಲ, ಸಿಗ್ನಲ್ಸ್‌ಗೂ ಅಲ್ಲ. ಕಂಪ್ಯೂಟರ್ ಪರದೆಯ ಮೇಲಿನ ನಾಲ್ಕೈದು ಬಟನ್‌ಗಳಿಗೆ.

ನಾವೆಲ್ಲ ಇದಕ್ಕೆ ಮೊದಲು ಬರೆದ ದೊಡ್ಡ ಪರೀಕ್ಷೆ ಅಂದರೆ ಬಹುತೇಕ ಸಿಇಟಿ. ಅಲ್ಲಿ ಓಎಮ್ಆರ್ ಹಾಳೆ, ಬಾಲ್ ಪೆನ್ನು, ತಪ್ಪು ಉತ್ತರಕ್ಕೆ ಅಂಕ ಕಡಿತ ಇಲ್ಲ. ಗೊತ್ತಿಲ್ಲದಿದ್ದರೆ ದೇವರ ಹೆಸರು ಹೇಳಿ ಒಂದು ಗುಂಡಿ ತುಂಬಿ ಬರೋದು. ಆ ಅಭ್ಯಾಸ ಇಟ್ಕೊಂಡು ಗೇಟ್‌ಗೆ ಹೋದರೆ ಕಷ್ಟ. ಇಲ್ಲಿ ಕಾಗದದ ಪ್ರಶ್ನೆಪತ್ರಿಕೆಯೇ ಇಲ್ಲ. ಎಲ್ಲಾ ಪರದೆಯ ಮೇಲೆ, ಮೌಸ್‌ನಿಂದ.

ಮೊದಲು ತಗೊಂಡು ಹೋಗುವ ವಸ್ತುಗಳ ವಿಚಾರ ಮುಗಿಸಿಬಿಡೋಣ, ಅದು ಚಿಕ್ಕದು. ಪ್ರಿಂಟ್ ತೆಗೆದ ಅಡ್ಮಿಟ್ ಕಾರ್ಡ್, ಮತ್ತು ಒರಿಜಿನಲ್ ಗುರುತಿನ ಚೀಟಿ. ಇವೆರಡು ಇದ್ದರೆ ಒಳಗೆ, ಇಲ್ಲದಿದ್ದರೆ ಹೊರಗೆ. ಅಡ್ಮಿಟ್ ಕಾರ್ಡ್‌ನಲ್ಲಿ ಫೋಟೋ, ಸಹಿ ಸ್ಪಷ್ಟವಾಗಿ ಕಾಣಬೇಕು. ಹಾಸ್ಟೆಲ್ ಪಕ್ಕದ ಜೆರಾಕ್ಸ್ ಅಂಗಡಿಯ ಇಂಕ್ ಮುಗಿದ ಪ್ರಿಂಟರ್‌ನಲ್ಲಿ ಮುಖ ಮಸಿಯಾಗಿ ಬಂದರೆ ಇನ್ನೊಂದು ಅಂಗಡಿಗೆ ಹೋಗಿ, ಹೇಗೂ ಎರಡು ಪ್ರತಿ ಇರಲಿ. ಗುರುತಿನ ಚೀಟಿಗೆ ಅರ್ಜಿಯಲ್ಲಿ ಯಾವುದರ ನಂಬರ್ ಕೊಟ್ಟಿದ್ದೀರೋ ಅದನ್ನೇ ಒಯ್ಯೋದು ಒಳ್ಳೇದು. ಜೆರಾಕ್ಸ್ ನಡೆಯಲ್ಲ. ಮೊಬೈಲ್‌ನಲ್ಲಿ ಡಿಜಿಲಾಕರ್ ಇದೆಯಲ್ಲ ಅಂತ ಕೆಲವರು ಧೈರ್ಯವಾಗಿರ್ತಾರೆ. ಮೊಬೈಲೇ ಒಳಗೆ ಬಿಡಲ್ಲ ಸ್ವಾಮಿ, ಲಾಕರ್ ಎಲ್ಲಿ ತೆಗೀತೀರಿ? ಕಾಲೇಜು ಐಡಿ ನಂಬಿಕೊಂಡೂ ಹೋಗಬೇಡಿ.

ಒಂದು ಸಾದಾ ಬಾಲ್ ಪೆನ್ನು ಜೇಬಲ್ಲಿರಲಿ. ಲೆಕ್ಕ ಮಾಡಿಕೊಳ್ಳೋಕೆ ಸ್ಕ್ರಿಬಲ್ ಪ್ಯಾಡ್ ಅವರೇ ಕೊಡ್ತಾರೆ. ಅದರ ಮೇಲೆ ಹೆಸರು, ರಿಜಿಸ್ಟ್ರೇಶನ್ ನಂಬರ್ ಬರೆಯಬೇಕು. ತುಂಬಿ ಹೋದರೆ ಕೈ ಎತ್ತಿ ಇನ್ನೊಂದು ಕೇಳಿ, ಸಂಕೋಚ ಬೇಡ. ಗ್ರಾಫ್ ಶೀಟ್, ಸ್ಟೀಮ್ ಟೇಬಲ್, ಡೇಟಾ ಹ್ಯಾಂಡ್‌ಬುಕ್ ಯಾವುದೂ ತರೋ ಹಾಗಿಲ್ಲ. ಬೇಕಾದ ಕೋಷ್ಟಕ ಪ್ರಶ್ನೆಯ ಜೊತೆಗೇ ಬರುತ್ತೆ. ಕೈಗಡಿಯಾರವೂ ಇಲ್ಲ. ಪರದೆಯ ಬಲ ಮೂಲೆಯಲ್ಲಿ ಉಳಿದ ಸಮಯ ಇಳೀತಾ ಹೋಗೋದು ಕಾಣುತ್ತೆ. ಬ್ಯಾಗ್, ಪರ್ಸ್, ಮೊಬೈಲ್ ಇಟ್ಕೊಳ್ಳೋಕೆ ಕೇಂದ್ರದಲ್ಲಿ ವ್ಯವಸ್ಥೆ ಇರುತ್ತೆ ಅನ್ನೋ ಖಾತ್ರಿ ಇಲ್ಲ. ಜೊತೆಗೆ ಯಾರಾದರೂ ಬಂದರೆ ಅವರ ಕೈಗೆ ಕೊಡಿ. ಒಬ್ಬರೇ ಹೋಗೋದಾದರೆ ಕಡಿಮೆ ಸಾಮಾನು, ವಾಪಸ್ ಬರೋಕೆ ಒಂದಷ್ಟು ಚಿಲ್ಲರೆ. ದೊಡ್ಡ ಬಕಲಿನ ಬೆಲ್ಟ್, ಬಳೆ, ಸರ ಇವೆಲ್ಲ ಅವತ್ತು ಮನೆಯಲ್ಲೇ ಇದ್ದರೆ ಬಾಗಿಲಿನ ತಪಾಸಣೆ ಬೇಗ ಮುಗಿಯುತ್ತೆ. ಒಂದು ತೆಳು ಸ್ವೆಟರ್ ಮಾತ್ರ ಹಾಕಿಕೊಳ್ಳಿ. ನೂರಾರು ಕಂಪ್ಯೂಟರ್ ಇರೋ ಹಾಲ್‌ನಲ್ಲಿ ಎಸಿ ಜೋರಾಗಿದ್ದರೆ ಮೂರು ಗಂಟೆಯಲ್ಲಿ ಬೆರಳು ಮರಗಟ್ಟುತ್ತೆ.

ಕೇಂದ್ರವನ್ನು ಹಿಂದಿನ ದಿನವೇ ಹೋಗಿ ನೋಡಿ ಬನ್ನಿ ಅನ್ನೋ ಮಾತು ಹಳೇದು, ಆದರೂ ಹೇಳ್ತೀನಿ. ಗೇಟ್ ಫೆಬ್ರವರಿಯ ಶನಿವಾರ, ಭಾನುವಾರಗಳಲ್ಲಿ ನಡೆಯುತ್ತೆ. ಬೆಳಗಿನದು 9.30ರಿಂದ 12.30, ಮಧ್ಯಾಹ್ನದ್ದು 2.30ರಿಂದ 5.30. ಬೆಂಗಳೂರಲ್ಲಾದರೆ ಕೇಂದ್ರ ಬಹಳ ಸಲ ಊರಾಚೆಯ ಕಾಲೇಜು, ಇಲ್ಲವೇ ಇಂಡಸ್ಟ್ರಿಯಲ್ ಏರಿಯಾದ ಯಾವುದೋ ಕಟ್ಟಡದ ಮೂರನೇ ಮಹಡಿ. ಒಂದೇ ಹೆಸರಿನ ಸಂಸ್ಥೆಗೆ ನಗರದ ಎರಡು ಮೂಲೆಯಲ್ಲಿ ಕ್ಯಾಂಪಸ್ ಇರೋದುಂಟು. ಹೆಸರಷ್ಟೇ ನೋಡಿ ಆಟೋ ಹತ್ತಬೇಡಿ, ವಿಳಾಸದ ಪಿನ್‌ಕೋಡ್ ತನಕ ಓದಿ. ಭಾನುವಾರ ನಮ್ಮ ಮೆಟ್ರೋ ಸಾಮಾನ್ಯವಾಗಿ ಏಳಕ್ಕೆ ಶುರುವಾಗುತ್ತೆ, ಉಳಿದ ದಿನದ ಹಾಗೆ ಐದಕ್ಕಲ್ಲ. ಬೆಳಗಿನ ಪಾಳಿಯವರಿಗೆ ಇದು ದೊಡ್ಡ ವ್ಯತ್ಯಾಸ. ಬೀದರ್‌ನಿಂದಲೋ ಚಾಮರಾಜನಗರದಿಂದಲೋ ಬರೋರು ರಾತ್ರಿ ಬಸ್ಸಲ್ಲಿ ಬಂದು ನೇರ ಹಾಲ್‌ಗೆ ಹೋಗೋ ಸಾಹಸ ಮಾಡಬೇಡಿ. ಹಿಂದಿನ ದಿನವೇ ಬಂದು ಯಾರಾದರೂ ಗೆಳೆಯರ ರೂಮಲ್ಲಿ ನಿದ್ದೆ ಮಾಡಿ. ರಿಪೋರ್ಟಿಂಗ್ ಸಮಯ ಅಡ್ಮಿಟ್ ಕಾರ್ಡ್‌ನಲ್ಲೇ ಇರುತ್ತೆ. ಬಾಗಿಲು ಹಾಕಿದ ಮೇಲೆ ಸೆಕ್ಯುರಿಟಿ ಅಣ್ಣನ ಹತ್ತಿರ ಎಷ್ಟು ಬೇಡಿಕೊಂಡರೂ ಅವರ ಕೈಯಲ್ಲಿ ಏನೂ ಇರಲ್ಲ.

ಊಟದ ಬಗ್ಗೆ ಒಂದೇ ಮಾತು. ಮಧ್ಯಾಹ್ನದ ಪಾಳಿಯವರು ಹೊಟ್ಟೆ ತುಂಬ ಮೊಸರನ್ನ ತಿಂದು ಕೂತರೆ ಮೂರೂವರೆಗೆ ಪರದೆ ಮಂಜಾಗುತ್ತೆ, ಅದು ಕಂಪ್ಯೂಟರ್ ತಪ್ಪಲ್ಲ.

ಒಳಗೆ ಹೋಗಿ ನಿಮ್ಮ ಜಾಗದಲ್ಲಿ ಕೂತಾಗ ಪರದೆಯ ಮೇಲೆ ನಿಮ್ಮ ಹೆಸರು, ಫೋಟೋ, ಪೇಪರ್ ಸರಿಯಾಗಿದೆಯಾ ನೋಡಿ. ಮೌಸ್ ಒದರಾಡ್ತಿದ್ದರೆ ಆಗಲೇ ಹೇಳಿ ಬದಲಾಯಿಸಿಕೊಳ್ಳಿ, ಅರ್ಧ ಗಂಟೆ ಸಹಿಸಿಕೊಂಡು ಆಮೇಲೆ ಕೇಳಬೇಡಿ. ಪರೀಕ್ಷೆ ಶುರುವಾಗೋ ಮುಂಚೆ ಸೂಚನೆಗಳನ್ನು ಓದೋಕೆ ಸಮಯ ಸಿಗುತ್ತೆ. ಅರ್ಧ ಜನ ಅದನ್ನ ಆ್ಯಪ್‌ನ ಷರತ್ತುಗಳ ಥರ ಉರುಳಿಸಿಬಿಡ್ತಾರೆ. ಉಳಿದ ಕಥೆಯೆಲ್ಲ ಆ ಪುಟದಲ್ಲೇ ಇರೋದು.

ಪರದೆಯ ಬಲಗಡೆ ಪ್ರಶ್ನೆಗಳ ನಂಬರ್ ಇರೋ ಪ್ಯಾಲೆಟ್ ಇರುತ್ತೆ. ಯಾವ ನಂಬರ್ ಒತ್ತಿದರೂ ಆ ಪ್ರಶ್ನೆಗೆ ಹಾರಬಹುದು. ಸಮಸ್ಯೆ ಏನಪ್ಪಾ ಅಂದರೆ, ಹಾಗೆ ಹಾರಿದಾಗ ಈಗಿರುವ ಪ್ರಶ್ನೆಗೆ ನೀವು ಆರಿಸಿದ ಉತ್ತರ ಸೇವ್ ಆಗಲ್ಲ. ಆಯ್ಕೆ ಮಾಡಿ, ಕೆಳಗಿನ 'ಸೇವ್ ಆ್ಯಂಡ್ ನೆಕ್ಸ್ಟ್' ಒತ್ತಿದರೆ ಮಾತ್ರ ಅದು ಉತ್ತರ. ನಮ್ಮ ಡಿಪಾರ್ಟ್‌ಮೆಂಟಿನ ಒಬ್ಬ ಸೀನಿಯರ್ ಸುಲಭದ ಪ್ರಶ್ನೆಗಳನ್ನ ಆರಿಸಿ ಆರಿಸಿ ಪ್ಯಾಲೆಟ್‌ನಿಂದಲೇ ಹಾರಿಕೊಂಡು ಮುಕ್ಕಾಲು ಗಂಟೆ ಓಡಿದ. ಆಮೇಲೆ ನೋಡಿದರೆ ಎಲ್ಲಾ ಕೆಂಪು. ಉತ್ತರಿಸಿದ್ದು ಹಸಿರಾಗುತ್ತೆ, ತೆರೆದು ಬಿಟ್ಟದ್ದು ಕೆಂಪು. ಅವನು ಮತ್ತೆ ಎಲ್ಲವನ್ನೂ ತೆರೆದು ತುಂಬಿದ, ಆದರೆ ಆ ಗಾಬರಿಯಲ್ಲಿ ಕೊನೆಯ ಎರಡು ಅಂಕದ ಪ್ರಶ್ನೆಗಳು ಉಳಿದೇ ಹೋದವು. ಬೇಕಾದ ಎಂ.ಟೆಕ್. ಸೀಟು ಕೈತಪ್ಪಿತು, ಮುಂದಿನ ಫೆಬ್ರವರಿಗೆ ಮತ್ತೆ ಬರೆದ. ಹತ್ತು ನಿಮಿಷಕ್ಕೊಮ್ಮೆ ಪ್ಯಾಲೆಟ್ ಮೇಲೆ ಕಣ್ಣು ಹಾಯಿಸಿದರೆ ಇದು ಆಗಲ್ಲ.

ನೇರಳೆ ಬಣ್ಣ ಇನ್ನೊಂದು ಗೊಂದಲ. ಆಮೇಲೆ ನೋಡ್ತೀನಿ ಅಂತ ಗುರುತು ಹಾಕಿದ್ದು ನೇರಳೆ. ಉತ್ತರ ಕೊಟ್ಟು ಗುರುತೂ ಹಾಕಿದ್ದರೆ ನೇರಳೆಯ ಜೊತೆ ಸಣ್ಣ ಹಸಿರು ಚಿಹ್ನೆ ಬರುತ್ತೆ, ಅದು ಮೌಲ್ಯಮಾಪನಕ್ಕೆ ಲೆಕ್ಕಕ್ಕೆ ಬರುತ್ತೆ. ಅಂದರೆ ಅನುಮಾನ ಇದೆ ಅಂತ ಗುರುತು ಹಾಕಿದ ಉತ್ತರ ತಪ್ಪಾಗಿದ್ದರೆ ಕಡಿತವೂ ಇದೆ. ಬೇಡ ಅನಿಸಿದರೆ 'ಕ್ಲಿಯರ್ ರೆಸ್ಪಾನ್ಸ್' ಒತ್ತಿ ಅಳಿಸಬೇಕು.

ಕೀಬೋರ್ಡ್ ಮುಟ್ಟಬೇಡಿ. ಅದರಿಂದ ಏನೂ ಕೆಲಸ ಇಲ್ಲ. ಸಂಖ್ಯೆ ಬರೆಯುವ ಪ್ರಶ್ನೆಗಳಿಗೂ ಪರದೆಯ ಮೇಲೊಂದು ಕೀಪ್ಯಾಡ್ ಬರುತ್ತೆ, ಮೌಸ್‌ನಿಂದಲೇ ಒತ್ತಬೇಕು. ಕ್ಯಾಲ್ಕುಲೇಟರ್ ಕೂಡ ಅಷ್ಟೇ.

ಈ ಕ್ಯಾಲ್ಕುಲೇಟರ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. 2016ರಿಂದ ಗೇಟ್‌ನಲ್ಲಿ ನಮ್ಮದೇ ಕ್ಯಾಲ್ಕುಲೇಟರ್ ಒಯ್ಯೋ ಹಾಗಿಲ್ಲ, ಪರದೆಯ ಮೇಲೇ ಒಂದು ಕೊಡ್ತಾರೆ. ನಾಲ್ಕು ವರ್ಷ ಕ್ಯಾಸಿಯೊ 991 ಮೇಲೆ ಬೆರಳು ಓಡಿಸಿದ ನಮಗೆ ಅದು ಎತ್ತಿನಗಾಡಿ. ಸಮೀಕರಣ ಬಿಡಿಸಲ್ಲ, ಮ್ಯಾಟ್ರಿಕ್ಸ್ ಇಲ್ಲ, ಇಂಟಿಗ್ರೇಶನ್ ಇಲ್ಲ. ಘನ ಸಮೀಕರಣದ ಮೂಲ ಬೇಕಾದರೆ ನೀವೇ ಹುಡುಕಬೇಕು. ಮುಖ್ಯವಾಗಿ ಒತ್ತುವ ಕ್ರಮವೇ ಬೇರೆ. ಕ್ಯಾಸಿಯೊದಲ್ಲಿ ಸೈನ್ ಒತ್ತಿ 30 ಒತ್ತುತ್ತೀವಿ. ಇಲ್ಲಿ ಮೊದಲು 30, ಆಮೇಲೆ ಸೈನ್. ವರ್ಗಮೂಲ, ಲಾಗ್‌ಗಳೂ ಹಾಗೇ. ಡಿಗ್ರಿಯಲ್ಲಿದೆಯಾ ರೇಡಿಯನ್‌ನಲ್ಲಿದೆಯಾ ಅಂತ ಪ್ರತಿ ಸಲ ನೋಡಬೇಕು. ಸಾಲದ್ದಕ್ಕೆ ಆ ಕಿಟಕಿ ಪ್ರಶ್ನೆಯ ಮೇಲೇ ಕೂತುಕೊಳ್ಳುತ್ತೆ, ಎಳೆದು ಪಕ್ಕಕ್ಕಿಡಬೇಕು. ಒಂದು ಲೆಕ್ಕಕ್ಕೆ ಮೂವತ್ತು ಸೆಕೆಂಡ್ ಜಾಸ್ತಿ ಹಿಡಿದರೂ ಮೂವತ್ತು ಲೆಕ್ಕಕ್ಕೆ ಕಾಲು ಗಂಟೆ ಹೋಯ್ತು. ಪರೀಕ್ಷೆಗೆ ಎರಡು ತಿಂಗಳಿರುವಾಗಲೇ ಕ್ಯಾಸಿಯೊವನ್ನು ಟ್ರಂಕಿನಲ್ಲಿ ಹಾಕಿ ಬೀಗ ಹಾಕೋದು ಒಳ್ಳೇದು. ಗೇಟ್‌ನ ಅಧಿಕೃತ ತಾಣದಲ್ಲಿ ಮಾಕ್ ಟೆಸ್ಟ್ ಸಿಗುತ್ತೆ. ಅದರಲ್ಲಿ ಇದೇ ಪ್ಯಾಲೆಟ್, ಇದೇ ಕ್ಯಾಲ್ಕುಲೇಟರ್ ಇರುತ್ತೆ. ಲ್ಯಾಪ್‌ಟಾಪ್‌ನ ಟಚ್‌ಪ್ಯಾಡ್‌ನಲ್ಲಿ ಅಲ್ಲ, ಮೌಸ್ ಹಾಕಿಕೊಂಡು ಅಭ್ಯಾಸ ಮಾಡಿ.

ಸಂಖ್ಯೆ ತುಂಬುವ ಪ್ರಶ್ನೆಯಲ್ಲಿ ಎರಡು ದಶಮಾಂಶಕ್ಕೆ ಅಂದರೆ ಎರಡಕ್ಕೇ ಬರೆಯಿರಿ. ಅಂದಾಜು ಮಾಡೋದು ಕೊನೆಯ ಹೆಜ್ಜೆಯಲ್ಲಿ ಮಾತ್ರ. ನಡುವೆ ನಡುವೆ 0.333 ಅಂತ ಕತ್ತರಿಸಿಕೊಂಡು ಹೋದರೆ ಕೊನೆಗೆ ಉತ್ತರ ಅವರು ಒಪ್ಪುವ ವ್ಯಾಪ್ತಿಯ ಹೊರಗೆ ಬಿದ್ದಿರುತ್ತೆ. ಮಧ್ಯದ ಉತ್ತರಗಳನ್ನು ಇಟ್ಕೊಳ್ಳೋಕೆ ಕ್ಯಾಲ್ಕುಲೇಟರ್‌ನಲ್ಲಿ ಮೆಮೊರಿ ಬಟನ್‌ಗಳಿವೆ. ಮೈನಸ್ ಚಿಹ್ನೆ ಮರೆತರೆ ಆ ಪ್ರಶ್ನೆಯೇ ಹೋಯ್ತು.

ಈಗ ಊಹೆಯ ಗಣಿತ. ಒಟ್ಟು 65 ಪ್ರಶ್ನೆ, 100 ಅಂಕ. ಅದರಲ್ಲಿ ಜನರಲ್ ಆಪ್ಟಿಟ್ಯೂಡ್ 10 ಪ್ರಶ್ನೆ, 15 ಅಂಕ. ಒಂದೇ ಸರಿಯುತ್ತರ ಇರೋ ಪ್ರಶ್ನೆ ತಪ್ಪಾದರೆ ಒಂದು ಅಂಕದ್ದಕ್ಕೆ 1/3, ಎರಡು ಅಂಕದ್ದಕ್ಕೆ 2/3 ಕಡಿತ. 2021ರಿಂದ ಬಂದ, ಒಂದಕ್ಕಿಂತ ಹೆಚ್ಚು ಸರಿಯುತ್ತರ ಇರಬಹುದಾದ ಪ್ರಶ್ನೆಗಳಿಗೂ, ಸಂಖ್ಯೆ ತುಂಬುವ ಪ್ರಶ್ನೆಗಳಿಗೂ ಕಡಿತ ಇಲ್ಲ. ಇವನ್ನ ಖಾಲಿ ಬಿಟ್ಟು ಬರೋದು ಸುಮ್ಮನೆ ಸಿಗೋ ಅವಕಾಶವನ್ನ ಬೇಡ ಅಂದ ಹಾಗೆ. ಆದರೆ ಮೂರು ಸರಿ ಇದ್ದು ಎರಡೇ ಗುರುತಿಸಿದರೆ ಅರ್ಧ ಅಂಕವೂ ಇಲ್ಲ, ಪೂರ್ತಿ ಸೊನ್ನೆ.

ಕಡಿತ ಇರೋ ಪ್ರಶ್ನೆಯಲ್ಲಿ ಕಣ್ಣು ಮುಚ್ಚಿ ಒತ್ತಿದರೆ? ಸರಿಯಾಗೋ ಸಾಧ್ಯತೆ 1/4, ತಪ್ಪಾಗೋದು 3/4. 1/4 ಅಂಕ ಬರುತ್ತೆ, 3/4ರ 1/3 ಅಂದರೆ ಮತ್ತೆ 1/4 ಹೋಗುತ್ತೆ. ಸರಾಸರಿ ಸೊನ್ನೆ. ಲಾಭವೂ ಇಲ್ಲ, ನಷ್ಟವೂ ಇಲ್ಲ, ಟೆನ್ಶನ್ ಮಾತ್ರ ಉಚಿತ. ಆದರೆ ನಾಲ್ಕರಲ್ಲಿ ಒಂದು ಖಂಡಿತ ಅಲ್ಲ ಅಂತ ಗೊತ್ತಾದರೆ ಲೆಕ್ಕ ಬದಲಾಗುತ್ತೆ: 1/3 ಬರುತ್ತೆ, 2/9 ಹೋಗುತ್ತೆ, 1/9 ಉಳಿಯುತ್ತೆ. ಎರಡು ಆಯ್ಕೆ ಕಿತ್ತು ಹಾಕಿದರೆ 1/3 ಉಳಿಯುತ್ತೆ. ಯೂನಿಟ್ ನೋಡಿಯೇ ಒಂದು ಆಯ್ಕೆ ಕಿತ್ತು ಹಾಕಬಹುದಾದ ಪ್ರಶ್ನೆಗಳು ಇರ್ತವೆ. ಹಾಗಾಗಿ 'ಗೊತ್ತಿಲ್ಲದಿದ್ದರೆ ಮುಟ್ಟಲೇಬೇಡ' ಅನ್ನೋ ಕೋಚಿಂಗ್ ಮಂತ್ರ ನನಗೆ ಒಪ್ಪಿಗೆ ಇಲ್ಲ. ಒಂದು ಆಯ್ಕೆಯನ್ನಾದರೂ ಕಾರಣ ಕೊಟ್ಟು ತಳ್ಳಿಹಾಕೋಕಾದರೆ ಮುಟ್ಟಿ. ಕಾರಣ ಮಾತ್ರ ನಿಜವಾದದ್ದಿರಬೇಕು. 'ಮೂರು ಸಲ ಸತತ ಬಿ ಬಂದಿದೆ, ಇದು ಬಿ ಇರಲ್ಲ' ಅನ್ನೋದು ಕಾರಣ ಅಲ್ಲ.

ಆಪ್ಟಿಟ್ಯೂಡ್ ಮೊದಲಾ, ಸಬ್ಜೆಕ್ಟ್ ಮೊದಲಾ ಅನ್ನೋದು ಅವರವರ ಇಷ್ಟ, ಎರಡರ ನಡುವೆ ಯಾವಾಗ ಬೇಕಾದರೂ ಓಡಾಡಬಹುದು. ಕೊನೆಗೆ ಇಡೋರು ಮಾತ್ರ ಅದಕ್ಕೆ ಪೂರ್ತಿ ಇಪ್ಪತ್ತು ನಿಮಿಷ ಎತ್ತಿಡಿ. 15 ಅಂಕ ಸಣ್ಣದಲ್ಲ.

ಮಧ್ಯದಲ್ಲಿ ಕಂಪ್ಯೂಟರ್ ಕೈಕೊಟ್ಟರೆ ಹೆದರಬೇಡಿ, ಕೈ ಎತ್ತಿ. ಗಡಿಯಾರ ಇರೋದು ಸರ್ವರ್‌ನಲ್ಲಿ, ಸೇವ್ ಮಾಡಿದ ಉತ್ತರಗಳೂ ಅಲ್ಲೇ. ನೀವಾಗಿಯೇ ಪ್ಲಗ್ ಅಲ್ಲಾಡಿಸೋದು, ಬಟನ್ ಒತ್ತೋದು ಮಾಡಬೇಡಿ. ನಾವು ಇಂಜಿನಿಯರ್‌ಗಳು ಅನ್ನೋದು ಅಲ್ಲಿ ಮರೆತಿರಬೇಕು. ಬೇಗ ಮುಗಿದರೂ ಎದ್ದು ಹೋಗೋ ಹಾಗಿಲ್ಲ. ಸಮಯ ಮುಗಿದಾಗ ಪೇಪರ್ ತಾನಾಗೇ ಸಬ್ಮಿಟ್ ಆಗುತ್ತೆ. ಕೊನೆಯ ಐದು ನಿಮಿಷ ಹೊಸ ಲೆಕ್ಕಕ್ಕೆ ಕೈ ಹಾಕೋದಕ್ಕಿಂತ ಪ್ಯಾಲೆಟ್‌ನಲ್ಲಿ ಕೆಂಪಾಗಿರೋ, ಕಡಿತ ಇಲ್ಲದ ಪ್ರಶ್ನೆಗಳನ್ನು ತುಂಬಿ.

ಹೊರಗೆ ಬಂದ ತಕ್ಷಣ ಗೇಟಿನ ಹತ್ತಿರ ಗುಂಪು ಕಟ್ಟಿಕೊಂಡು 'ಆ ಬೀಮ್ ಲೆಕ್ಕಕ್ಕೆ ನಿಂಗೆಷ್ಟು ಬಂತು ಮಗಾ' ಶುರುವಾಗುತ್ತೆ. ಬೇಕಾದರೆ ನಿಲ್ಲಿ, ಆದರೆ ಅಗತ್ಯ ಇಲ್ಲ. ಕೆಲವು ದಿನಗಳಲ್ಲಿ ನೀವು ಯಾವುದಕ್ಕೆ ಏನು ಒತ್ತಿದ್ದೀರಿ ಅನ್ನೋ ರೆಸ್ಪಾನ್ಸ್ ಶೀಟ್ ನಿಮ್ಮ ಲಾಗಿನ್‌ನಲ್ಲೇ ಬರುತ್ತೆ, ಕೀ ಉತ್ತರವೂ ಬರುತ್ತೆ. ಕೀ ತಪ್ಪು ಅನಿಸಿದರೆ ಶುಲ್ಕ ಕಟ್ಟಿ ಆಕ್ಷೇಪಣೆ ಸಲ್ಲಿಸಬಹುದು, ಅದಕ್ಕೆ ಕೊಡೋ ದಿನಗಳು ಕಡಿಮೆ. ಫಲಿತಾಂಶದ ನಂತರ ಸ್ಕೋರ್‌ಕಾರ್ಡನ್ನು ಗಡುವಿನೊಳಗೆ ಡೌನ್‌ಲೋಡ್ ಮಾಡಿ ಎರಡು ಕಡೆ ಉಳಿಸಿಕೊಳ್ಳಿ. ಅದು ಮೂರು ವರ್ಷ ನಡೆಯುತ್ತೆ. ಈ ವರ್ಷ ಕ್ಯಾಂಪಸ್ ಆಫರ್ ಹಿಡಿದು ಹೋದವರಿಗೂ ಎರಡನೇ ವರ್ಷ ಆಫೀಸು ಬೇಜಾರಾದಾಗ, ತಿಂಗಳಿಗೆ 12,400 ರೂಪಾಯಿ ಸ್ಟೈಪೆಂಡ್‌ನ ಎಂ.ಟೆಕ್. ನೆನಪಾಗೋದುಂಟು. ಆಗ ಹಳೇ ಮೇಲ್‌ಬಾಕ್ಸ್‌ನಲ್ಲಿ ರಿಜಿಸ್ಟ್ರೇಶನ್ ನಂಬರ್ ಹುಡುಕ್ತಾ ಕೂರೋದು ಬೇಡ.