ದೂರವಿದ್ದು ಕೂಡಿ ದುಡಿಯುವ ಬಗೆ

2020ನೆಯ ಇಸವಿಯಲ್ಲಿ ಕೋವಿಡ್ ಪಿಡುಗಿನಿಂದಾಗಿ ಕಾಲೇಜುಗಳು ಮುಚ್ಚಿದ್ದಾಗ, ನನ್ನ ನಾಲ್ವರು ವಿದ್ಯಾರ್ಥಿಗಳು ತಂತಮ್ಮ ಊರುಗಳಲ್ಲಿದ್ದುಕೊಂಡೇ ಸರಳ ಲೋಲಕದ ಪ್ರಯೋಗವನ್ನು ಕೈಗೊಂಡರು. ದಾರ, ಲೋಹದ ಗುಂಡು, ಗಡಿಯಾರ, ಇಷ್ಟೇ ಸಲಕರಣೆ. ಗುರುತ್ವ ವೇಗೋತ್ಕರ್ಷವನ್ನು ಅಳೆದು ಹೋಲಿಸುವುದು ಅವರ ಉದ್ದೇಶ. ಮೂವರಿಗೆ 9.78ರ ಆಸುಪಾಸಿನ ಬೆಲೆ ದೊರೆಯಿತು. ನಾಲ್ಕನೆಯವಳಿಗೆ ದೊರೆತದ್ದು 9.63.

ಆಕೆಯ ಗಣಿತದಲ್ಲಿ ತಪ್ಪಿರಲಿಲ್ಲ. ಲೋಲಕದ ಉದ್ದವನ್ನು ಗುಂಡಿನ ಕೇಂದ್ರದವರೆಗೆ ಅಳೆಯಬೇಕೆಂದು ಗೆಳೆಯನೊಬ್ಬನು ಮೊಬೈಲ್ ಗುಂಪಿನಲ್ಲಿ ಬರೆದಿದ್ದನು. ಆ ಒಂದು ಸಾಲು ಹಬ್ಬದ ಹಾರೈಕೆಗಳ ರಾಶಿಯಲ್ಲಿ ಹೂತುಹೋಗಿತ್ತು. ಆಕೆ ಗುಂಡಿನ ಮೇಲ್ತುದಿಯವರೆಗೆ ಮಾತ್ರ ಅಳೆದಿದ್ದಳು. ಒಂದು ಮೀಟರ್ ಉದ್ದದಲ್ಲಿ ಒಂದೂವರೆ ಸೆಂಟಿಮೀಟರ್ ತಪ್ಪಿದರೆ, ಉತ್ತರದಲ್ಲಿಯೂ ಶೇಕಡಾ ಒಂದೂವರೆಯಷ್ಟು ತಪ್ಪುವುದಷ್ಟೆ!

ಸಂಪರ್ಕಸಾಧನಗಳ ಕೊರತೆ ಇಲ್ಲಿರಲಿಲ್ಲ. ಇದ್ದುದು ಅವುಗಳ ಹೆಚ್ಚಳ. ನಾಲ್ವರಲ್ಲಿ ಇಬ್ಬಿಬ್ಬರ ಜೋಡಿಗಳು 6. ತಂಡದಲ್ಲಿ ಎಂಟು ಮಂದಿಯಾದರೆ 28. ಪ್ರತಿಯೊಂದು ಜೋಡಿಯೂ ದೂರವಾಣಿ, ಇ-ಮೇಲ್, ಮೊಬೈಲ್ ಸಂದೇಶಗಳೆಂಬ ಮೂರು ಸಾಧನಗಳನ್ನು ಬಳಸಿದರೆ ನಾಲ್ವರ ನಡುವೆಯೇ 18 ದಾರಿಗಳಾಗುವುವು. ಸುದ್ದಿ ಯಾವ ದಾರಿಯಲ್ಲಿ ಹೋಯಿತೆಂದು ಹುಡುಕುವುದೇ ಒಂದು ಕೆಲಸವಾಗದೆ? ಆದುದರಿಂದ ಸಾಧನವನ್ನು ಆರಿಸುವ ಮುನ್ನ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು: ಉತ್ತರ ಕೂಡಲೇ ಬೇಕೆ? ಕಳುಹಿಸಬೇಕಾದ ಮಾಹಿತಿ ಎಷ್ಟು? ಅದನ್ನು ನಾಳೆಯೂ ನೋಡಬೇಕೆ?

ಸಂಶಯ ತೀರಿಸಲು ಮಾತೇ ಮೇಲು. ಆದರೆ ಧ್ವನಿ ಅತ್ತಣಿಂದ ಇತ್ತ ಬರಲು ಸುಮಾರು 0.15 ಸೆಕೆಂಡಿಗಿಂತ ಹೆಚ್ಚು ಕಾಲ ಹಿಡಿದರೆ ಸಂಭಾಷಣೆ ತೊಡಕಾಗತೊಡಗುವುದು. ಗಾಜಿನ ಎಳೆಯೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಸಾಗುವುದರಿಂದ, 14,000 ಕಿಲೋಮೀಟರ್ ದಾಟಲು 0.07 ಸೆಕೆಂಡು ಸಾಕು. ಹೀಗೆ ಬೆಂಗಳೂರಿನವರು ಕ್ಯಾಲಿಫೋರ್ನಿಯದವರೊಡನೆ ಸುಲಭವಾಗಿ ಮಾತನಾಡಬಲ್ಲರು. ಆದರೆ ನಮ್ಮ ಹಗಲು ಅವರಿಗೆ ಇರುಳು! ಬೆಳಕಿನ ವೇಗ ಎಷ್ಟಿದ್ದರೇನು, ಮಲಗಿದವನನ್ನು ಎಬ್ಬಿಸುವುದು ನ್ಯಾಯವಲ್ಲ. ಅಂಥಲ್ಲಿ ಬರೆದಿಡುವುದೇ ಲೇಸು.

ಎರಡನೆಯ ಪ್ರಶ್ನೆಗೆ ಖಗೋಳವಿಜ್ಞಾನಿಗಳು ಒಳ್ಳೆಯ ನಿದರ್ಶನವನ್ನು ಒದಗಿಸಿರುವರು. 2017ರ ಏಪ್ರಿಲ್‌ನಲ್ಲಿ ‘ಈವೆಂಟ್ ಹೊರೈಜನ್ ಟೆಲಿಸ್ಕೋಪ್’ ಯೋಜನೆಯ ಎಂಟು ದೂರದರ್ಶಕಗಳು, ಭೂಮಿಯ ಬೇರೆ ಬೇರೆ ಎಡೆಗಳಿಂದ, ಕಪ್ಪುಕುಳಿಗಳತ್ತ ದೃಷ್ಟಿ ನೆಟ್ಟವು. ಸಂಗ್ರಹವಾದ ಮಾಹಿತಿ ಸುಮಾರು 5,000 ಟೆರಾಬೈಟ್. ಸೆಕೆಂಡಿಗೆ 10 ಕೋಟಿ ಬಿಟ್ ಸಾಗಿಸುವ ತಂತಿಯಲ್ಲಿ ಅದನ್ನು ಕಳುಹಿಸಲು ಹನ್ನೆರಡು ವರ್ಷಗಳೂ ಸಾಲವು. ಆದಕಾರಣ ಮಾಹಿತಿಯನ್ನು ಡಿಸ್ಕುಗಳಲ್ಲಿ ತುಂಬಿ ವಿಮಾನದಲ್ಲಿ ಒಯ್ದರು. ದಕ್ಷಿಣಧ್ರುವದ ಡಿಸ್ಕುಗಳಂತೂ ಅಲ್ಲಿಯ ಚಳಿಗಾಲ ಮುಗಿದು ವಿಮಾನ ಬರುವ ತನಕ ಕಾಯಬೇಕಾಯಿತು.

ಇದಕ್ಕಿಂತಲೂ ಸ್ವಾರಸ್ಯವಾದುದು ಅವರ ಮೌನ. 2018ರಲ್ಲಿ ಎಂ87 ಎಂಬ ಬ್ರಹ್ಮಾಂಡದ ಕಪ್ಪುಕುಳಿಯ ಚಿತ್ರವನ್ನು ರಚಿಸಲು ನಾಲ್ಕು ತಂಡಗಳನ್ನು ನೇಮಿಸಿ, ತಂಡಗಳು ತಮ್ಮೊಳಗೆ ಸಮಾಲೋಚಿಸಬಾರದೆಂದು ವಿಧಿಸಲಾಯಿತು. ಒಬ್ಬರ ನಿರೀಕ್ಷೆ ಇನ್ನೊಬ್ಬರ ಕಣ್ಣನ್ನು ಮರೆಮಾಡಬಾರದಲ್ಲವೆ? ಕೊನೆಗೆ ನಾಲ್ಕು ಚಿತ್ರಗಳಲ್ಲಿಯೂ ಉಂಗುರವೇ ಕಂಡಿತು. 2019ರ ಏಪ್ರಿಲ್ 10ರಂದು ಲೋಕಕ್ಕೆ ತೋರಿದ ಚಿತ್ರವನ್ನು ನಂಬಲು ಆ ಮೌನವೂ ಒಂದು ಆಧಾರ.

ನಮ್ಮ ನಾಲ್ವರೂ ಬಳಿಕ ಒಂದು ಕಟ್ಟಳೆ ಮಾಡಿಕೊಂಡರು. ಅಳತೆಯ ವಿಧಾನವನ್ನು ಎಲ್ಲರೂ ತೆರೆದು ನೋಡಬಹುದಾದ ಒಂದೇ ಕಡತದಲ್ಲಿ ಬರೆದಿಟ್ಟರು; ಮೂರನೆಯ ಪ್ರಶ್ನೆಗೆ ಅದೇ ಉತ್ತರ. ಸಂಶಯಗಳಿಗೆ ಭಾನುವಾರ ಸಂಜೆ ಒಂದು ಕರೆ. ಹಾರೈಕೆಗಳಿಗೆ ಬೇರೆಯೇ ಗುಂಪು. ಅಳತೆಗಳನ್ನು ಮಾತ್ರ ಯಾರೂ ಯಾರಿಗೂ ತೋರಿಸದೆ ನನಗೆ ಕಳುಹಿಸತಕ್ಕದ್ದು.

ಈ ಕೊನೆಯ ನಿಯಮಕ್ಕೆ ಕಾರಣ ಆ 9.63. ಗೆಳೆಯರ ಉತ್ತರಗಳನ್ನು ಮೊದಲೇ ಕಂಡಿದ್ದರೆ ಆಕೆ ತನ್ನ ಅಂಕಿಯನ್ನು ತಿದ್ದಿಬಿಡುತ್ತಿದ್ದಳೋ ಏನೋ. ಆಗ ತಪ್ಪೂ ಕಾಣುತ್ತಿರಲಿಲ್ಲ, ಅದರ ಕಾರಣವೂ ತಿಳಿಯುತ್ತಿರಲಿಲ್ಲ. ಯಾವಾಗ ಮಾತನಾಡಬೇಕು, ಯಾವಾಗ ಬರೆದಿಡಬೇಕು, ಯಾವಾಗ ಸುಮ್ಮನಿರಬೇಕು ಎಂಬುದನ್ನು ಮೊದಲೇ ಗೊತ್ತುಮಾಡಿಕೊಂಡ ತಂಡಕ್ಕೆ ದೂರವು ಅಡ್ಡಿಯಾಗದು.