‘ಪಿನ್ಸ್ ಅಂಡ್ ನೀಡಲ್ಸ್’ ಎಂದರೆ ಸೂಜಿಯಲ್ಲ, ಜೋಮು

ಲಾಸ್ ಆಲ್ಟೋಸ್ ಸುತ್ತಮುತ್ತಲಿನ ಕನ್ನಡ ಮನೆಗಳಿಗೆ ಊರಿನಿಂದ ತಂದೆತಾಯಿ ಬಂದಾಗ ಒಮ್ಮೆಯಾದರೂ ವೈದ್ಯರ ಬಳಿಗೆ ಹೋಗಬೇಕಾಗುತ್ತದೆ. ಸಕ್ಕರೆ ಕಾಯಿಲೆ ಇದ್ದವರನ್ನು ಅಲ್ಲಿ ಕೇಳುವ ಒಂದು ಪ್ರಶ್ನೆ: ಪಾದದಲ್ಲಿ ‘ಪಿನ್ಸ್ ಅಂಡ್ ನೀಡಲ್ಸ್’ ಆಗುತ್ತದೆಯೇ? ಜೊತೆಗಿರುವ ಮಗನೋ ಮೊಮ್ಮಗನೋ ಅದನ್ನು “ಸೂಜಿ ಚುಚ್ಚಿದ ಹಾಗೆ ನೋವಾಗುತ್ತಾ?” ಎಂದು ಕೇಳುತ್ತಾನೆ. “ಇಲ್ಲಪ್ಪ, ನೋವೇನೂ ಇಲ್ಲ” ಎನ್ನುತ್ತಾರೆ ಹಿರಿಯರು. ಉತ್ತರ ನಿಜವೇ, ಆದರೆ ವೈದ್ಯರು ಕೇಳಿದ್ದು ಅದನ್ನಲ್ಲ.

ಚಕ್ಕಳಮಕ್ಕಳ ಹಾಕಿ ಬಹಳ ಹೊತ್ತು ಕೂತು ಎದ್ದಾಗ ಕಾಲಿನಲ್ಲಿ ಆಗುವ ಜುಮುಜುಮು ಇದೆಯಲ್ಲ, ಈ ನುಡಿಗಟ್ಟಿನ ಅರ್ಥ ಅದು. ಒತ್ತಡಕ್ಕೆ ಸಿಕ್ಕಿದ ನರ ಸಂದೇಶ ಸಾಗಿಸುವುದನ್ನು ಕಡಿಮೆ ಮಾಡುತ್ತದೆ. ಒತ್ತಡ ತೆಗೆದಾಗ ಅದರ ಎಳೆಗಳು ತಾವಾಗಿಯೇ ಸಂಕೇತ ಕಳಿಸತೊಡಗುತ್ತವೆ. ವೈದ್ಯರು ಇದನ್ನು ಪ್ಯಾರೆಸ್ತೀಸಿಯಾ ಎನ್ನುತ್ತಾರೆ. ಇರುವೆ ಹರಿದಂತೆ ಆಗುವುದಕ್ಕೆ ಫಾರ್ಮಿಕೇಶನ್ ಎಂಬ ಬೇರೆ ಹೆಸರೇ ಇದೆ. ಲ್ಯಾಟಿನ್ನಿನಲ್ಲಿ ಫಾರ್ಮಿಕಾ ಎಂದರೆ ಇರುವೆ. ಕಾಲು ಜೋಮು ಹಿಡಿದಾಗ ಫ್ರೆಂಚರು ‘ಕಾಲಲ್ಲಿ ಇರುವೆ’ ಎಂದೇ ಹೇಳುತ್ತಾರೆ. ಇಂಗ್ಲಿಷಿನಲ್ಲಿ ಮಾತ್ರ ಇರುವೆಯ ಸಹವಾಸ ಬೇಡ: ‘ಆಂಟ್ಸ್ ಇನ್ ಯುವರ್ ಪ್ಯಾಂಟ್ಸ್’ ಎಂದರೆ ಒಂದು ಕಡೆ ಕೂರಲಾರದ ಚಡಪಡಿಕೆ!

ಇದರ ಹಿಂದೆ ‘ಆನ್’ ಸೇರಿದರೆ ಅರ್ಥವೇ ಬೇರೆ. ಕಾಲೇಜು ಪ್ರವೇಶದ ಉತ್ತರಕ್ಕೆ ಕಾಯುವ ಮಕ್ಕಳು ‘ಆನ್ ಪಿನ್ಸ್ ಅಂಡ್ ನೀಡಲ್ಸ್’ ಇರುತ್ತಾರೆ, ಅಂದರೆ ಮುಳ್ಳಿನ ಮೇಲೆ ಕೂತ ಹಾಗೆ. ಕಾಲಿಗೂ ಅದಕ್ಕೂ ಸಂಬಂಧವಿಲ್ಲ.

ಕನ್ನಡದಿಂದ ಇಂಗ್ಲಿಷಿಗೆ ಹೋಗುವಾಗಲೂ ಎಚ್ಚರ ಬೇಕು. ನಮ್ಮ ‘ಜೋಮು’ ಜುಮುಜುಮುವನ್ನೂ ಮರಗಟ್ಟುವುದನ್ನೂ ಒಟ್ಟಿಗೇ ಹೇಳಿಬಿಡುತ್ತದೆ. ವೈದ್ಯರಿಗೆ ಅವೆರಡೂ ಬೇರೆ ಬೇರೆಯಾಗಿ ಬೇಕು. ಸ್ಪರ್ಶವೇ ತಿಳಿಯದಿದ್ದರೆ ಅದು ‘ನಂಬ್’. ಅಂಥ ಪಾದಕ್ಕೆ ಗಾಯವಾದರೂ ಗೊತ್ತಾಗುವುದಿಲ್ಲ, ಹುಣ್ಣು ಬೆಳೆಯುತ್ತದೆ. ಆದ್ದರಿಂದಲೇ 10 ಗ್ರಾಂ ಒತ್ತಡದ ನೈಲಾನ್ ಎಳೆಯನ್ನು ಪಾದಕ್ಕೆ ತಾಗಿಸಿ ಪರೀಕ್ಷಿಸುವುದು. ಜೋಮಿಗೆ ಸಕ್ಕರೆ ಕಾಯಿಲೆಯೊಂದೇ ಕಾರಣವಲ್ಲ. ಸಸ್ಯಾಹಾರಿಗಳಲ್ಲಿ, ಅದರಲ್ಲೂ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ನುಂಗುವವರಲ್ಲಿ, ಬಿ12 ಕೊರತೆಯಿಂದಲೂ ಬರಬಹುದು. ರಕ್ತಪರೀಕ್ಷೆಯಲ್ಲಿ ತಿಳಿಯುತ್ತದೆ, ಚಿಕಿತ್ಸೆಯೂ ಸುಲಭ. ಆದರೆ ಮೈಯ ಒಂದೇ ಬದಿ ಇದ್ದಕ್ಕಿದ್ದಂತೆ ಜೋಮು ಹಿಡಿದರೆ ಪಾರ್ಶ್ವವಾಯು ಇರಬಹುದು. ಆಗ ಅನುವಾದ ಮಾಡುತ್ತ ಕೂರದೆ 911ಕ್ಕೆ ಕರೆ ಮಾಡಿ.

ಫೆಡರಲ್ ಹಣ ಪಡೆಯುವ ಆಸ್ಪತ್ರೆಗಳು ಉಚಿತವಾಗಿ ದುಭಾಷಿಯನ್ನು ಒದಗಿಸಬೇಕೆಂದು 2010ರ ಅಫೋರ್ಡಬಲ್ ಕೇರ್ ಆಕ್ಟ್‌ನ 1557ನೆಯ ಸೆಕ್ಷನ್ನಿನ ನಿಯಮಗಳು ಹೇಳುತ್ತವೆ. ತುರ್ತು ಸಂದರ್ಭ ಬಿಟ್ಟರೆ ಚಿಕ್ಕ ಮಕ್ಕಳಿಂದ ಆ ಕೆಲಸ ಮಾಡಿಸುವಂತಿಲ್ಲ. ಅಪಾಯಿಂಟ್‌ಮೆಂಟ್ ಮಾಡುವಾಗಲೇ ‘ಕನ್ನಡ’ ಎಂದು ಸ್ಪಷ್ಟವಾಗಿ ಹೇಳಿ. ಇಲ್ಲದಿದ್ದರೆ ಹಿಂದಿಯವರು ಬಂದಾರು.

ಅಪ್ಪ ಅಮ್ಮನನ್ನು ಮನೆಯಲ್ಲೇ ಕೇಳುವುದಾದರೆ ಸೂಜಿಯ ಮಾತು ಬಿಡಿ. ಊರಿನ ವೈದ್ಯರು ಕೇಳುವ ಹಾಗೆ ಕೇಳಿ: “ಕಾಲು ಜೋಮು ಹಿಡಿಯುತ್ತಾ? ನಡೆಯುವಾಗ ಚಪ್ಪಲಿ ಕಳಚಿಹೋದರೂ ಗೊತ್ತಾಗದೆ ಮುಂದೆ ಹೋಗಿಬಿಡ್ತೀರಾ?” ಬೂಟು ಹಾಕುವ ಈ ದೇಶದಲ್ಲಿ ಆ ಎರಡನೆಯ ಪ್ರಶ್ನೆ ಯಾರಿಗೂ ಹೊಳೆಯುವುದಿಲ್ಲ.