ಹಕ್ಕುಗಳ ಎಣಿಕೆ, ಕರ್ತವ್ಯಗಳ ಮರೆವು

ಪ್ರತಿ ವರ್ಷ ಜನವರಿ 26ರಂದು ನಮ್ಮ ಇಗರ್ಜಿಗಳ ಅಂಗಳದಲ್ಲಿಯೂ ರಾಷ್ಟ್ರಧ್ವಜವು ಹಾರುತ್ತದೆ. ಮಕ್ಕಳು ಸಾಲಾಗಿ ನಿಂತು ರಾಷ್ಟ್ರಗೀತೆ ಹಾಡುತ್ತಾರೆ, ಸಿಹಿ ಹಂಚಲಾಗುತ್ತದೆ, ಎಲ್ಲರೂ ಮನೆಗೆ ತೆರಳುತ್ತಾರೆ. ಅಂತಹ ಒಂದು ದಿನ ಧರ್ಮೋಪದೇಶದ ತರಗತಿಯ ಮಕ್ಕಳನ್ನು ನಾವು ಕೇಳಿದೆವು: "ಸಂವಿಧಾನವು ನಮಗೆ ಕೊಟ್ಟಿರುವ ಹಕ್ಕುಗಳು ಯಾವುವು?" ಹತ್ತಾರು ಕೈಗಳು ಮೇಲೆದ್ದವು. "ಅದೇ ಸಂವಿಧಾನವು ನಮ್ಮಿಂದ ಬಯಸುವ ಕರ್ತವ್ಯಗಳು?" ಮಕ್ಕಳು ಒಬ್ಬರನ್ನೊಬ್ಬರು ನೋಡಿಕೊಂಡರು. ಹಿಂದೆ ನಿಂತಿದ್ದ ಹೆತ್ತವರೂ ಸುಮ್ಮನಿದ್ದರು. ಕೊನೆಗೆ ಒಬ್ಬ ಹುಡುಗ "ಮತ ಹಾಕುವುದು" ಎಂದ. ಒಳ್ಳೆಯ ಉತ್ತರವೇ ಸರಿ. ಆದರೆ ಮತದಾನವು ಆ ಪಟ್ಟಿಯಲ್ಲಿ ಇಲ್ಲವೇ ಇಲ್ಲ!

ಹಾಗಾದರೆ ಆ ಪಟ್ಟಿಯಲ್ಲಿ ಇರುವುದೇನು? 1950ರಲ್ಲಿ ಜಾರಿಗೆ ಬಂದ ಮೂಲ ಸಂವಿಧಾನದಲ್ಲಿ ನಾಗರಿಕರ ಕರ್ತವ್ಯಗಳಿಗೆ ಪ್ರತ್ಯೇಕ ಭಾಗವಿರಲಿಲ್ಲ. 1976ರಲ್ಲಿ ಸ್ವರಣ್ ಸಿಂಗ್ ಸಮಿತಿಯ ಶಿಫಾರಸಿನ ಮೇರೆಗೆ 42ನೆಯ ತಿದ್ದುಪಡಿಯ ಮೂಲಕ 51ಎ ವಿಧಿಯು ಸೇರ್ಪಡೆಯಾಯಿತು. ಅದರಲ್ಲಿ ಹತ್ತು ಕರ್ತವ್ಯಗಳಿದ್ದವು. ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಶಿಕ್ಷಣದ ಅವಕಾಶ ಒದಗಿಸುವುದು ಹೆತ್ತವರ ಹೊಣೆಯೆಂಬ ಹನ್ನೊಂದನೆಯ ಕರ್ತವ್ಯವನ್ನು 2002ರಲ್ಲಿ ಸೇರಿಸಲಾಯಿತು. ನಮ್ಮ ಕಾರವಾರ ಧರ್ಮಪ್ರಾಂತ್ಯವು ಸ್ಥಾಪನೆಯಾದದ್ದೂ 1976ರಲ್ಲಿಯೇ. ಆದುದರಿಂದ ಈ ವಿಧಿಯನ್ನು ನಮ್ಮ ಧರ್ಮಪ್ರಾಂತ್ಯದ ಸಮವಯಸ್ಕನೆಂದೇ ಕರೆಯಬಹುದು!

ಒಂದು ಮಾತನ್ನು ಮುಚ್ಚಿಡಬಾರದು. ಅದು ತುರ್ತುಪರಿಸ್ಥಿತಿಯ ಕಾಲ. ಪ್ರಜೆಗಳ ಹಕ್ಕುಗಳನ್ನು ಮೊಟಕುಗೊಳಿಸಿದ ಸರಕಾರವೇ ಪ್ರಜೆಗಳಿಗೆ ಕರ್ತವ್ಯದ ಪಾಠ ಹೇಳಿದ್ದನ್ನು ಅನೇಕರು ಸಂಶಯದಿಂದ ಕಂಡರು. ಅದು ಸಹಜವೂ ಆಗಿತ್ತು. ಆದರೆ ಮುಂದೆ 1977 ಮತ್ತು 1978ರಲ್ಲಿ ಆ ತಿದ್ದುಪಡಿಯ ಅನೇಕ ಅಂಶಗಳನ್ನು ಕಿತ್ತುಹಾಕಿದ ಸಂಸತ್ತು ಈ ವಿಧಿಯನ್ನು ಮಾತ್ರ ಮುಟ್ಟಲಿಲ್ಲ. ಹೇಳಿದವರು ಯಾರೇ ಆಗಿರಲಿ, ಹೇಳಿದ್ದು ಸತ್ಯವಾಗಿತ್ತು.

ಇನ್ನೊಂದು ವಿಶೇಷವನ್ನು ಗಮನಿಸಬೇಕು. ಕರ್ತವ್ಯ ತಪ್ಪಿದವರಿಗೆ ದಂಡನೆ ಇರಬೇಕೆಂದು ಸ್ವರಣ್ ಸಿಂಗ್ ಸಮಿತಿಯು ಸೂಚಿಸಿತ್ತು. ಸಂಸತ್ತು ಅದನ್ನು ಅಂಗೀಕರಿಸಲಿಲ್ಲ. ಧ್ವಜಕ್ಕೆ ಅಪಮಾನ ಮಾಡಿದರೆ, ಸಾರ್ವಜನಿಕ ಆಸ್ತಿ ಹಾಳುಗೆಡವಿದರೆ ಶಿಕ್ಷಿಸಲು ಬೇರೆ ಕಾನೂನುಗಳಿವೆ ನಿಜ. ಆದರೆ ಸೋದರಭಾವವನ್ನು ಬೆಳೆಸಲಿಲ್ಲವೆಂದು, ವೈಜ್ಞಾನಿಕ ಮನೋಭಾವವನ್ನು ರೂಢಿಸಿಕೊಳ್ಳಲಿಲ್ಲವೆಂದು ಯಾವ ನ್ಯಾಯಾಲಯವೂ ನಮ್ಮನ್ನು ಕರೆಸುವುದಿಲ್ಲ. ದಂಡನೆಯ ಭಯವಿಲ್ಲದಲ್ಲಿ ಮನುಷ್ಯನನ್ನು ನಡೆಸುವುದು ಯಾವುದು? ತತ್ತ್ವಜ್ಞಾನಿ ಕಾಂಟ್ ಜೀವನವಿಡೀ ಉತ್ತರ ಹುಡುಕಿದ್ದು ಈ ಪ್ರಶ್ನೆಗೇ. ನಮ್ಮ ಹಿರಿಯರು ಅದನ್ನು ಒಂದೇ ಶಬ್ದದಲ್ಲಿ ಹೇಳಿದರು: ಅಂತಃಸಾಕ್ಷಿ.

ಇದು ಶಾಲಾಪುಸ್ತಕದ ಮಾತೆಂದು ತೋರಿದರೆ ಕುಮಟಾ ತಾಲೂಕಿನ ಅಘನಾಶಿನಿ ಕೊಲ್ಲಿಯ ಗಜನಿ ಗದ್ದೆಗಳತ್ತ ನೋಡೋಣ. ಅಲ್ಲಿ ಉಪ್ಪುನೀರನ್ನೂ ತಾಳಿಕೊಳ್ಳುವ ಕಗ್ಗ ಎಂಬ ಭತ್ತವನ್ನು ತಲೆಮಾರುಗಳಿಂದ ಬೆಳೆಯುತ್ತ ಬಂದಿದ್ದಾರೆ. ಕೊಯ್ಲಾದ ಮೇಲೆ ಅದೇ ಗದ್ದೆಗಳಲ್ಲಿ ಮೀನು, ಸಿಗಡಿ. ಈ ಕೃಷಿಯು ನಿಂತಿರುವುದು ಒಡ್ಡಿನ ಮೇಲೆ. ನನ್ನ ಗದ್ದೆಯ ಮುಂದಿನ ಒಡ್ಡು ನನಗೆ ಮಾತ್ರ ಸೇರಿದ್ದೆಂದು ಅಲ್ಲಿ ಯಾರೂ ಹೇಳುವಂತಿಲ್ಲ. ಒಂದು ಕಡೆ ಒಡ್ಡು ಒಡೆದರೆ ಉಬ್ಬರದ ನೀರು ಯಾರ ಜಾತಿಯನ್ನೂ, ಯಾರ ಧರ್ಮವನ್ನೂ ವಿಚಾರಿಸದೆ ಎಲ್ಲರ ಗದ್ದೆಗೂ ನುಗ್ಗುತ್ತದೆ. 2024ರಲ್ಲಿ ಅಘನಾಶಿನಿ ಕೊಲ್ಲಿಗೆ ರಾಮ್ಸಾರ್ ಜೌಗುಪ್ರದೇಶವೆಂಬ ಅಂತರರಾಷ್ಟ್ರೀಯ ಮನ್ನಣೆ ದೊರೆಯಿತು. ನದಿ, ಕಾಡು, ಜೀವಿಗಳನ್ನು ಕಾಪಾಡುವುದು ನಾಗರಿಕನ ಕರ್ತವ್ಯವೆಂದು ಸಂವಿಧಾನವು ಹೇಳುವುದಕ್ಕೆ ಎಷ್ಟೋ ಮೊದಲೇ ನಮ್ಮ ರೈತರು, ಮೀನುಗಾರರು, ಚಿಪ್ಪಿ ಹೆಕ್ಕುವ ತಾಯಂದಿರು ಆ ನೀರಿನೊಡನೆ ಬಾಳಲು ಕಲಿತಿದ್ದರು.

ನೀರಿನ ಒಡ್ಡು ಒಡೆದರೆ ಕಣ್ಣಿಗೆ ಕಾಣುತ್ತದೆ. ಮನಸ್ಸುಗಳ ನಡುವಣ ಒಡ್ಡು ಒಡೆದದ್ದು ಹಾನಿಯಾದ ಮೇಲೆಯೇ ತಿಳಿಯುವುದು. ಭಟ್ಕಳವು 1993ರಲ್ಲಿ ತಿಂಗಳುಗಟ್ಟಲೆ ಕೋಮುಗಲಭೆಯಿಂದ ನರಳಿತು, ಜೀವಗಳು ಹೋದವು, ಜಗನ್ನಾಥ ಶೆಟ್ಟಿ ವಿಚಾರಣಾ ಆಯೋಗವು ನೇಮಕವಾಯಿತು. ಪುರಾತನ ಬಸದಿ, ದೇವಾಲಯ, ಮಸೀದಿಗಳು ಒಂದೇ ಊರಿನಲ್ಲಿ ನಿಂತಿರುವ, ಸಮ್ಮಿಶ್ರ ಸಂಸ್ಕೃತಿಗೆ ಸಾಕ್ಷಿಯಾದ ಆ ಪಟ್ಟಣದ ಹೆಸರು ಹೊರಗಿನವರ ಬಾಯಲ್ಲಿ ಗಲಭೆಯ ಹೆಸರಾಯಿತು.

2017ರ ಡಿಸೆಂಬರಿನಲ್ಲಿ ಹೊನ್ನಾವರದ ಕೆರೆಯೊಂದರಲ್ಲಿ ಯುವಕನೊಬ್ಬನ ಶವವು ದೊರೆಯಿತು. ಆತನನ್ನು ಚಿತ್ರಹಿಂಸೆ ಕೊಟ್ಟು ಕೊಂದರೆಂಬ ಸುದ್ದಿಯು ಮೊಬೈಲುಗಳ ಮೂಲಕ ಮನೆಮನೆಗೆ ಹಬ್ಬಿತು. ಕುಮಟಾದಲ್ಲಿ ಕಲ್ಲುಗಳು ತೂರಿದವು, ಪೋಲೀಸ್ ವಾಹನಕ್ಕೆ ಬೆಂಕಿ ಬಿತ್ತು. ಶಿರಸಿಗೂ ಉರಿ ತಗಲಿತು. 2022ರಲ್ಲಿ ಸಿಬಿಐ ತನ್ನ ತನಿಖೆಯನ್ನು ಮುಗಿಸಿ, ಅದು ನೀರಿನಲ್ಲಿ ಮುಳುಗಿ ಸಂಭವಿಸಿದ ಆಕಸ್ಮಿಕ ಸಾವೆಂದು ನ್ಯಾಯಾಲಯಕ್ಕೆ ವರದಿ ಸಲ್ಲಿಸಿತು. ಮಗನನ್ನು ಕಳೆದುಕೊಂಡ ಹೆತ್ತವರ ದುಃಖವನ್ನು ಯಾವ ವರದಿಯೂ ಅಳಿಸಲಾರದು. ಆ ದುಃಖಕ್ಕೆ ನಾವೆಲ್ಲರೂ ತಲೆಬಾಗಬೇಕು. ಆದರೆ ತನಿಖೆಗೆ ಬೇಕಾದ ವರ್ಷಗಳು ಎಷ್ಟು, ವದಂತಿಗೆ ಬೇಕಾದ ಗಂಟೆಗಳು ಎಷ್ಟು ಎಂಬುದನ್ನು ಯೋಚಿಸಬೇಕಾಗಿದೆ.

ಇಲ್ಲಿ ನಾವು ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಆ ದಿನಗಳಲ್ಲಿ ಒಂದು ಸಂಜೆ ಪ್ರಾರ್ಥನೆ ಮುಗಿಸಿ ಹೊರಬಂದವರೊಡನೆ ಮಾತನಾಡುತ್ತ, ಕೇಳಿದ್ದ ಸುದ್ದಿಯನ್ನು ನಾವೂ ಹೇಳಿದೆವು. "ಹಾಗಂತೆ" ಎಂದು ಸೇರಿಸಿದರೆ ಹೊಣೆ ಕಳೆಯಿತೆಂದು ಭಾವಿಸಿದ್ದೆವು. ಓದುಬರಹ ತಿಳಿಯದ ವೃದ್ಧೆಯೊಬ್ಬರು ಮೆಲ್ಲನೆ ಕೇಳಿದರು: "ಫಾದರ್, ನೀವು ಕಣ್ಣಾರೆ ಕಂಡಿರಾ?" ನಮ್ಮಲ್ಲಿ ಉತ್ತರವಿರಲಿಲ್ಲ. ವರ್ಷಗಟ್ಟಲೆ ತರ್ಕಶಾಸ್ತ್ರ ಓದಿದ ನಾವು ಆ ತಾಯಿಯ ಮುಂದೆ ನಾಚಿದೆವು. ವಿಚಾರಿಸಿ ತಿಳಿಯುವ ಮನೋಭಾವವು ಪ್ರತಿಯೊಬ್ಬ ನಾಗರಿಕನ ಕರ್ತವ್ಯವೆಂದು 51ಎ ವಿಧಿಯು ಹೇಳುತ್ತದೆ. ಅಂದು ಆ ಕರ್ತವ್ಯವನ್ನು ಪಾಲಿಸಿದವರು ಆ ವೃದ್ಧೆ, ತಪ್ಪಿದವರು ನಾವು. 1947ರಲ್ಲಿ ಗಾಂಧೀಜಿಯವರು ಜೂಲಿಯನ್ ಹಕ್ಸ್ಲಿಯವರಿಗೆ ಬರೆದ ಪತ್ರವೊಂದು ನಮಗೆ ನೆನಪಾಯಿತು. ಕರ್ತವ್ಯದಿಂದಲೇ ಹಕ್ಕು ಹುಟ್ಟುತ್ತದೆ ಎಂಬುದನ್ನು ತಾವು ಕಲಿತದ್ದು ಓದು ತಿಳಿಯದ, ಆದರೆ ವಿವೇಕಿಯಾದ ತಾಯಿಯಿಂದ ಎಂದು ಅವರು ಅದರಲ್ಲಿ ತಿಳಿಸಿದ್ದರು.

ನಾವು ಸಂಖ್ಯೆಯಲ್ಲಿ ಸಣ್ಣ ಸಮುದಾಯದವರು, ಗಲಾಟೆ ಇತರರದ್ದು, ನಮಗೇಕೆ ಗೊಡವೆ ಎನ್ನುವವರು ನಮ್ಮಲ್ಲಿ ಇದ್ದಾರೆ. ಅಂಥವರು ಒಂದು ಇತಿಹಾಸವನ್ನು ನೆನೆಯಬೇಕು. ಸಂವಿಧಾನ ಸಭೆಯಲ್ಲಿ ಎಚ್. ಸಿ. ಮುಖರ್ಜಿ, ಮಂಗಳೂರು ಮೂಲದ ಯೇಸುಸಭೆಯ ಗುರು ಜೆರೋಮ್ ಡಿಸೋಜ ಮೊದಲಾದ ಕ್ರೈಸ್ತ ಸದಸ್ಯರಿದ್ದರು. 1949ರಲ್ಲಿ ಧಾರ್ಮಿಕ ಅಲ್ಪಸಂಖ್ಯಾತರ ಮೀಸಲು ಸ್ಥಾನಗಳನ್ನು ಆ ಸಭೆಯು ಕೈಬಿಟ್ಟಾಗ ಕ್ರೈಸ್ತರು ಅದಕ್ಕೆ ಒಪ್ಪಿದರು. ನೆರೆಯವರ ನ್ಯಾಯಬುದ್ಧಿಯ ಮೇಲೆ ಅವರು ಇಟ್ಟ ಭರವಸೆ ಅದು. ಅದು ಹುಸಿಯಾಗಲಿಲ್ಲ. ಸ್ವಾತಂತ್ರ್ಯ ಹೋರಾಟಗಾರರಾಗಿದ್ದ ಕಥೋಲಿಕ ಜೋಕಿಂ ಆಳ್ವರನ್ನು ಈ ಜಿಲ್ಲೆಯ ಜನರು 1952, 1957 ಮತ್ತು 1962ರಲ್ಲಿ ಲೋಕಸಭೆಗೆ ಆರಿಸಿ ಕಳುಹಿಸಿದರು. ಕ್ರೈಸ್ತರ ಮತಗಳಿಂದ ಮಾತ್ರ ಇದು ಸಾಧ್ಯವಿತ್ತೇ? ನಮ್ಮನ್ನು ನಂಬಿದ ನೆರೆಯವರ ಮನೆಗೆ ಉರಿ ತಗಲಿದಾಗ ಕಿಟಕಿ ಮುಚ್ಚಿಕೊಳ್ಳುವುದು ಕೃತಘ್ನತೆಯಾದೀತು.

ಪ್ರಿಯ ಕುಟುಂಬಗಳೇ, ಮಾಡಬೇಕಾದದ್ದು ದೊಡ್ಡ ಸಾಹಸವೇನೂ ಅಲ್ಲ. ಸಂಜೆಯ ಜಪಸರ ಮುಗಿದ ಮೇಲೆ ಹನ್ನೊಂದು ಕರ್ತವ್ಯಗಳಲ್ಲಿ ಒಂದನ್ನು ಮಕ್ಕಳಿಂದ ಓದಿಸಿ, ಅದನ್ನು ನಮ್ಮ ಊರಿನಲ್ಲಿ ಪಾಲಿಸುವುದು ಹೇಗೆಂದು ಮಾತನಾಡಿರಿ. ಊರಿನ ಬಾವಿ, ಬಸ್ಸು ನಿಲ್ದಾಣ, ಶಾಲೆಯ ಗೋಡೆಗಳನ್ನು ನಿಮ್ಮ ಮನೆಯದರಂತೆ ನೋಡಿಕೊಳ್ಳಿರಿ. ಹಬ್ಬದ ದಿನ ಕುಸ್ವಾರ್ ಕಳುಹಿಸುವ ಮನೆಗೆ ಕಷ್ಟದ ದಿನವೂ ಹೋಗಿ ಬನ್ನಿರಿ. ಮೊಬೈಲಿಗೆ ಸುದ್ದಿಯೊಂದು ಬಂದಾಗ ಅದನ್ನು ಮತ್ತೊಬ್ಬರಿಗೆ ಕಳುಹಿಸುವ ಮುನ್ನ ಆ ವೃದ್ಧೆಯ ಪ್ರಶ್ನೆಯನ್ನು ನಿಮಗೆ ನೀವೇ ಕೇಳಿಕೊಳ್ಳಿರಿ. ನಾವಂತೂ ಅಂದಿನಿಂದ ಕೇಳಿಕೊಳ್ಳುತ್ತಿದ್ದೇವೆ.